ನಡೆದಂತೆ ಮೂಡುವ ಗೆರೆ: ದೂರ-ಕಾಲ ನಕ್ಷೆಗೊಂದು ಯಂತ್ರ

ಒಂಬತ್ತನೇ ತರಗತಿಯ ‘ಚಲನೆ’ ಪಾಠಕ್ಕೆ ಬಂದಾಗ ಮಕ್ಕಳು ಕೋಷ್ಟಕ ನೋಡಿ ಬಿಂದು ಗುರುತಿಸುತ್ತಾರೆ, ಸ್ಕೇಲಿಟ್ಟು ಗೆರೆ ಎಳೆಯುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಅದೇ ಮಕ್ಕಳಿಗೆ ಏರಿ, ಚಪ್ಪಟೆಯಾಗಿ, ಇಳಿಯುವ ಗೆರೆಯೊಂದನ್ನು ತೋರಿಸಿ ‘ಇವನು ಏನು ಮಾಡಿದ?’ ಎಂದು ಕೇಳಿ. ‘ಗುಡ್ಡ ಹತ್ತಿದ, ಮೇಲೆ ನಡೆದ, ಆಚೆ ಇಳಿದ’ ಎಂಬ ಉತ್ತರ ಬಂದೇ ಬರುತ್ತದೆ. ನಕ್ಷೆಯನ್ನು ಚಿತ್ರವೆಂದು ಓದುವ ಈ ತಪ್ಪು ಯಾವ ದೇಶದ ತರಗತಿಯನ್ನೂ ಬಿಟ್ಟಿಲ್ಲ. ನಮಗೆ ಮಾತಿನ ತೊಡಕೂ ಸೇರಿಕೊಂಡಿದೆ: ಸ್ಲೋಪ್‌ಗೆ ನಾವು ಹೇಳುವುದು ‘ಇಳಿಜಾರು’. ಗೆರೆ ಏರುತ್ತಿದ್ದರೂ ಇಳಿಜಾರೇ!

ಇಲ್ಲಿ ಕಟ್ಟುವ ಯಂತ್ರದ ಕೆಲಸ ಒಂದೇ. ವಿದ್ಯಾರ್ಥಿ ರಟ್ಟು ಹಿಡಿದು ಯಂತ್ರದ ಎದುರು ಹಿಂದೆ ಮುಂದೆ ನಡೆಯಬೇಕು, ಆ ಕ್ಷಣವೇ ಪರದೆಯ ಮೇಲೆ ಗೆರೆ ಮೂಡಬೇಕು. ‘ಆ ಕ್ಷಣವೇ’ ಎಂಬುದನ್ನು ಒತ್ತಿ ಹೇಳಲು ಕಾರಣವಿದೆ. 1987ರಲ್ಲಿ ಹೆದರ್ ಬ್ರಾಸೆಲ್ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿಗೆ ನಡೆಯುತ್ತಿರುವಾಗಲೇ ನಕ್ಷೆ ಕಂಡಿತು, ಇನ್ನೊಂದಕ್ಕೆ ನಡೆದು ಮುಗಿದ ಮೇಲೆ ಕಂಡಿತು. ಉಪಕರಣವೂ ನಕ್ಷೆಯೂ ಒಂದೇ ಆಗಿದ್ದರೂ ಕಲಿಕೆಯಲ್ಲಿ ಮೊದಲ ಗುಂಪು ಮುಂದಿತ್ತು. ಆದ್ದರಿಂದ ಕೆಳಗಿನ ಆಯ್ಕೆಗಳಲ್ಲಿ ಬಹುತೇಕ ಎಲ್ಲವೂ ಎರಡು ಪ್ರಶ್ನೆಗಳ ಸುತ್ತ ತಿರುಗುತ್ತವೆ. ಗೆರೆ ತಡವಾಗುತ್ತದೆಯೇ? ಗೆರೆ ಸುಳ್ಳು ಹೇಳುತ್ತದೆಯೇ?

ಸಾಮಾನು

ಪ್ರೋಗ್ರಾಂ ತುಂಬಬಹುದಾದ ಪುಟ್ಟ ಬೋರ್ಡ್ ಆರ್ಡುಯಿನೊ ಊನೊ ಒಂದು. ಕ್ಲೋನ್ ಬೋರ್ಡ್ ಆದರೂ ನಡೆಯುತ್ತದೆ. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯಾದರೆ ಕಪಾಟಿನಲ್ಲಿ ಹುಡುಕಿ, ಇರುವ ಸಾಧ್ಯತೆ ಹೆಚ್ಚು. ಎಚ್‌ಸಿ-ಎಸ್‌ಆರ್‌04 ಅಲ್ಟ್ರಾಸಾನಿಕ್ ಸೆನ್ಸರ್ (ಕಿವಿಗೆ ಕೇಳದ ಧ್ವನಿ ಕಳಿಸಿ, ಅದು ಮರಳುವ ಹೊತ್ತಿನಿಂದ ದೂರ ತಿಳಿಯಲು) ಎರಡು, ಏಕೆಂದರೆ ಒಂದು ಕೈಕೊಡುವುದು ಖಾತ್ರಿ. 100 ಮೈಕ್ರೊಫ್ಯಾರಡ್, 16 ವೋಲ್ಟ್‌ನ ಕೆಪಾಸಿಟರ್ ಒಂದು. 30 ಸೆಂ.ಮೀ. ಉದ್ದದ ನಾಲ್ಕೆಳೆಯ ತಂತಿ, 3 ಮೀಟರ್ ಯುಎಸ್‌ಬಿ ಕೇಬಲ್, ಅಂಗೈ ಅಗಲದ ಪಿವಿಸಿ ಸ್ವಿಚ್ ಬಾಕ್ಸ್, ಗೋಡೆ ಥರ್ಮಾಮೀಟರ್, ನೆಲಕ್ಕೆ ಅಂಟಿಸಲು ಬಣ್ಣದ ಟೇಪ್. ಕೊನೆಯದಾಗಿ 45 × 60 ಸೆಂ.ಮೀ.ನ ಗಟ್ಟಿ ರಟ್ಟು ಅಥವಾ ಫೋಮ್ ಬೋರ್ಡ್. ಈ ರಟ್ಟನ್ನು ‘ಬೇಕಾದರೆ’ ಎಂದು ಎಣಿಸಬೇಡಿ, ಸೆನ್ಸರಿನಷ್ಟೇ ಅದೂ ಮುಖ್ಯ. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ ಸಾಮಾನೆಲ್ಲ ಎಸ್‌ಪಿ ರಸ್ತೆಯ ಒಂದೇ ಅಂಗಡಿಯಲ್ಲಿ ಸಿಗುತ್ತದೆ.

ಜೋಡಣೆ

ಸೆನ್ಸರಿನ ವಿಸಿಸಿ (ವಿದ್ಯುತ್ ಪಡೆಯುವ) ಕಾಲು ಬೋರ್ಡಿನ 5 ವೋಲ್ಟ್‌ಗೆ, ಗ್ರೌಂಡ್ ಗ್ರೌಂಡ್‌ಗೆ, ಟ್ರಿಗ್ (ಧ್ವನಿ ಕಳಿಸಲು ಸೂಚನೆ ಪಡೆಯುವ ಕಾಲು) 9ನೇ ಪಿನ್‌ಗೆ, ಎಕೋ (ಪ್ರತಿಧ್ವನಿಯ ಸುದ್ದಿ ಕೊಡುವ ಕಾಲು) 10ನೇ ಪಿನ್‌ಗೆ. ಕೆಪಾಸಿಟರನ್ನು ಸೆನ್ಸರಿನ ಹಿಂಬದಿಯಲ್ಲೇ, ವಿಸಿಸಿ-ಗ್ರೌಂಡ್ ನಡುವೆ ಬೆಸೆಯಿರಿ. ಪಟ್ಟಿಯಿರುವ ಕಾಲು ಗ್ರೌಂಡ್‌ಗೆ. ಪಲ್ಸ್ ಕಳಿಸುವ ಹೊತ್ತಿಗೆ ಸೆನ್ಸರ್ ಒಮ್ಮೆಗೇ ಕರೆಂಟ್ ಎಳೆಯುತ್ತದೆ. ಉದ್ದ ಕೇಬಲ್ ಇದ್ದಾಗ ಆ ಕ್ಷಣ ವೋಲ್ಟೇಜ್ ಕುಸಿದು ರೀಡಿಂಗ್ ತಪ್ಪುತ್ತದೆ, ಅದನ್ನು ಈ ಕೆಪಾಸಿಟರ್ ತಡೆಯುತ್ತದೆ. ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ಬ್ರೆಡ್‌ಬೋರ್ಡ್ ಮೇಲೆ ಪರೀಕ್ಷಿಸಿ ನೋಡಿ, ಆದರೆ ತರಗತಿಗೆ ಅದನ್ನೇ ಒಯ್ಯಬೇಡಿ. ಮಕ್ಕಳು ಮೇಜು ತಟ್ಟಿದರೆ ಸಾಕು, ಜಂಪರ್ ವೈರ್ ಸಡಿಲವಾಗುತ್ತದೆ.

ಊನೊ ಬದಲು ಇಎಸ್‌ಪಿ32 ಬಳಸುವವರು ಎಕೋ ಕಾಲನ್ನು ನೇರವಾಗಿ ಕೊಡಬಾರದು. ಅಲ್ಲಿಂದ 5 ವೋಲ್ಟ್ ಬರುತ್ತದೆ, ಆ ಬೋರ್ಡ್ ತಾಳುವುದು 3.3 ಮಾತ್ರ. ಎಕೋದಿಂದ 1 ಕಿಲೊಓಮ್, ಅಲ್ಲಿಂದ ಗ್ರೌಂಡ್‌ಗೆ 2 ಕಿಲೊಓಮ್ ಹಾಕಿ, ನಡುವಿನ ಬಿಂದುವನ್ನು ಪಿನ್‌ಗೆ ಕೊಡಿ.

ಸೆನ್ಸರಿನ ಎರಡು ‘ಕಣ್ಣು’ಗಳ ವ್ಯಾಸ 16 ಮಿ.ಮೀ. ಬಾಕ್ಸಿನ ಮುಚ್ಚಳದ ಮೇಲೆ ಸೆನ್ಸರನ್ನೇ ಇಟ್ಟು ಪೆನ್ಸಿಲ್ ಸುತ್ತಿಸಿ, 16.5 ಮಿ.ಮೀ. ತೂತು ಕೊರೆಯಿರಿ. ಕಣ್ಣುಗಳ ಮುಂಭಾಗ ಮುಚ್ಚಳಕ್ಕಿಂತ 2-3 ಮಿ.ಮೀ. ಹೊರಗೇ ಇರಲಿ. ಒಳಗೆ ಕೂತರೆ ತೂತಿನ ಅಂಚೇ ಧ್ವನಿಯನ್ನು ಹಿಂದಿರುಗಿಸಿ, ಯಂತ್ರ ಸದಾ 3-4 ಸೆಂ.ಮೀ. ಎಂದು ಹಟ ಹಿಡಿಯುತ್ತದೆ. ಸುತ್ತ ಬಿಸಿ ಅಂಟು ಹಾಕುವಾಗ ಮುಂದಿನ ಜಾಲರಿಗೆ ತಾಗಿಸಬೇಡಿ.

ಬೋರ್ಡಿನೊಳಗಿನ ಪ್ರೋಗ್ರಾಂ

ಇದು ಮೂವತ್ತು ಸಾಲು ಮೀರದು. ಟ್ರಿಗ್ ಪಿನ್ನಿನ ವೋಲ್ಟೇಜನ್ನು 2 ಮೈಕ್ರೊಸೆಕೆಂಡ್ ತಗ್ಗಿಸಿ, 10 ಮೈಕ್ರೊಸೆಕೆಂಡ್ ಎತ್ತಿ, ಮತ್ತೆ ತಗ್ಗಿಸಬೇಕು. ಸೆನ್ಸರ್ 40 ಕಿಲೊಹರ್ಟ್ಸ್‌ನ ಎಂಟು ಪಲ್ಸ್ ಕಳಿಸುತ್ತದೆ. ಧ್ವನಿ ಹೋಗಿ ಬರುವಷ್ಟು ಹೊತ್ತು ಎಕೋ ಪಿನ್ನಿನ ವೋಲ್ಟೇಜ್ ಎತ್ತರದಲ್ಲಿರುತ್ತದೆ. ‘ಪಲ್ಸ್‌ಇನ್’ ಎಂಬ ಆಜ್ಞೆ ಆ ಹೊತ್ತನ್ನು ಅಳೆಯುತ್ತದೆ. ಇಷ್ಟನ್ನು ಯಾವ ಆರಂಭಿಕ ಪಾಠವೂ ಹೇಳುತ್ತದೆ. ಆ ಪಾಠಗಳ ಪ್ರೋಗ್ರಾಮನ್ನು ಹಾಗೆಯೇ ಎತ್ತಿ ಹಾಕಿದರೆ ತರಗತಿಯಲ್ಲಿ ಮೂರು ಕಡೆ ಎಡವುತ್ತದೆ.

ಮೊದಲನೆಯದು, ಪಲ್ಸ್‌ಇನ್‌ಗೆ ಗಡುವು ಕೊಡದಿದ್ದರೆ ಅದು ಪೂರಾ ಒಂದು ಸೆಕೆಂಡ್ ಕಾಯುತ್ತದೆ. ಪ್ರತಿಧ್ವನಿ ತಪ್ಪಿದಾಗಲೆಲ್ಲ ಗೆರೆ ನಿಂತು ಆಮೇಲೆ ಹಾರುತ್ತದೆ. ಗಡುವನ್ನು 25,000 ಮೈಕ್ರೊಸೆಕೆಂಡ್ ಇಡಿ. ಸುಮಾರು 4.3 ಮೀಟರ್‌ವರೆಗೆ ಸಾಕು. ಸೆನ್ಸರಿನ ಶಕ್ತಿಯೂ 4 ಮೀಟರ್‌ಗೆ ಮುಗಿಯುತ್ತದೆ.

ಎರಡನೆಯದು, ಪ್ರತಿ ಸುತ್ತಿನ ಕೊನೆಗೆ ‘60 ಮಿಲಿಸೆಕೆಂಡ್ ಕಾಯಿ’ ಎಂದು ಬರೆದರೆ ಸುತ್ತಿನ ಅವಧಿ 60 ಆಗಿ ಉಳಿಯುವುದಿಲ್ಲ. ಅಳತೆಗೇ 1 ಮೀಟರ್ ದೂರದಲ್ಲಿ 6, ಮೂರೂವರೆ ಮೀಟರ್‌ನಲ್ಲಿ 20 ಮಿಲಿಸೆಕೆಂಡ್ ಬೇಕು. ಅಂದರೆ ದೂರ ಹೋದಂತೆ ಗಡಿಯಾರ ನಿಧಾನ. ಬಿಂದುಗಳನ್ನು ಎಣಿಕೆಯಂತೆ ಬಿಡಿಸುವವರಿಗೆ ನೇರ ಗೆರೆ ಬಾಗಿ ಕಾಣುತ್ತದೆ, ಮಕ್ಕಳು ಅದನ್ನು ವೇಗೋತ್ಕರ್ಷ ಎಂದು ಓದುತ್ತಾರೆ. ಹಿಂದಿನ ಪಲ್ಸ್ ಯಾವಾಗ ಹೋಯಿತೆಂದು ನೆನಪಿಟ್ಟು, ಅಲ್ಲಿಂದ 60 ಮಿಲಿಸೆಕೆಂಡ್ ಕಳೆದಾಗ ಮುಂದಿನದನ್ನು ಕಳಿಸುವಂತೆ ಬರೆಯಿರಿ. ಪ್ರತಿ ರೀಡಿಂಗ್ ಜೊತೆ ಬೋರ್ಡಿನ ಮಿಲಿಸೆಕೆಂಡ್ ಲೆಕ್ಕವನ್ನೂ ಕಳಿಸಿ.

ಮೂರನೆಯದು, ಪ್ರತಿಧ್ವನಿ ಸಿಗದಾಗ ಪಲ್ಸ್‌ಇನ್ ಸೊನ್ನೆ ಕೊಡುತ್ತದೆ. ಅದನ್ನು ಬಿಡಿಸಿದರೆ ಹುಡುಗಿ ಕಣ್ಣು ಮಿಟುಕಿಸುವುದರೊಳಗೆ ಯಂತ್ರದ ಬಳಿ ಓಡಿಬಂದು ವಾಪಸಾದಂತೆ ನಕ್ಷೆ ತೋರಿಸುತ್ತದೆ. ಸೊನ್ನೆಯ ಜಾಗದಲ್ಲಿ -1 ಕಳಿಸಿ, ಲ್ಯಾಪ್‌ಟಾಪ್‌ನಲ್ಲಿ ಅಲ್ಲಿ ಗೆರೆಯನ್ನು ತುಂಡಾಗಿಸಿ. ತುಂಡಾದ ಗೆರೆ ಪ್ರಾಮಾಣಿಕ: ಇಲ್ಲಿ ಮಾಹಿತಿ ಸಿಗಲಿಲ್ಲ, ಅಷ್ಟೆ.

ಬೋರ್ಡಿನಿಂದ ಸೆಂಟಿಮೀಟರ್ ಕಳಿಸಬೇಡಿ, ಬರೀ ಮೈಕ್ರೊಸೆಕೆಂಡ್ ಕಳಿಸಿ. ದೂರದ ಲೆಕ್ಕ ಲ್ಯಾಪ್‌ಟಾಪ್‌ನಲ್ಲೇ ಆಗಲಿ. ಕಾರಣ, ಧ್ವನಿಯ ವೇಗ ಸೆಕೆಂಡಿಗೆ 331.3 + 0.606 × ಉಷ್ಣತೆ ಮೀಟರ್. ಎಲ್ಲ ಕಡೆ ಕಾಣುವ ‘58ರಿಂದ ಭಾಗಿಸಿ’ ಎಂಬ ಸೂತ್ರ 22 ಡಿಗ್ರಿಗೆ ಸರಿ. ಮಡಿಕೇರಿಯ ಡಿಸೆಂಬರ್ ಬೆಳಗಿನ 15 ಡಿಗ್ರಿಗೂ ರಾಯಚೂರಿನ ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿಗೂ ನಡುವೆ ವೇಗ 340.4ರಿಂದ 355.5ಕ್ಕೆ ಏರುತ್ತದೆ. ಮೂರು ಮೀಟರ್‌ನಲ್ಲಿ ಅದು 13 ಸೆಂ.ಮೀ. ವ್ಯತ್ಯಾಸ. ನೆಲದ ಟೇಪ್ ಒಂದು ಹೇಳಿ ಪರದೆ ಇನ್ನೊಂದು ಹೇಳಿದರೆ ಮಕ್ಕಳು ಯಂತ್ರವನ್ನು ನಂಬುವುದಿಲ್ಲ, ನಂಬಲೂಬಾರದು. ಉಷ್ಣತೆಯನ್ನು ಪ್ರೋಗ್ರಾಂ ಶುರುವಾದಾಗ ಕೇಳಿ ತುಂಬಿಸಿಕೊಳ್ಳುವಂತೆ ಮಾಡಿದರೆ ಬೋರ್ಡನ್ನು ಮತ್ತೆ ಮುಟ್ಟಬೇಕಿಲ್ಲ. ಥರ್ಮಾಮೀಟರ್ ಓದುವ ಕೆಲಸ ಒಬ್ಬ ವಿದ್ಯಾರ್ಥಿಯದಾಗಲಿ.

ಬೋರ್ಡಿನಿಂದ ಲ್ಯಾಪ್‌ಟಾಪ್‌ಗೆ ಮಾಹಿತಿ ಹೋಗುವ ಸೀರಿಯಲ್ ವೇಗ 9,600 ಬೇಡ, 1,15,200 ಇರಲಿ.

ಪರದೆ

ಮೊದಲ ಪರೀಕ್ಷೆಗೆ ಬೋರ್ಡಿನಿಂದ ಬಂದ ಸಂಖ್ಯೆಗಳನ್ನು ಗೆರೆಯಾಗಿಸುವ, ಆರ್ಡುಯಿನೊ ತಂತ್ರಾಂಶದ ಸೀರಿಯಲ್ ಪ್ಲಾಟರ್ ಸಾಕು, ಪಾಠಕ್ಕೆ ಸಾಲದು. ಅದರ ಅಡ್ಡ ಅಕ್ಷದಲ್ಲಿರುವುದು ಸೆಕೆಂಡ್ ಅಲ್ಲ, ರೀಡಿಂಗ್‌ಗಳ ಎಣಿಕೆ. ಹಳೆಯ 1.8 ಆವೃತ್ತಿ 500 ಬಿಂದು ತೋರಿಸಿದರೆ 2ನೇ ಆವೃತ್ತಿಯದು ಬರೀ 50, ಅಂದರೆ ನಮ್ಮ ಲೆಕ್ಕದಲ್ಲಿ 3 ಸೆಕೆಂಡ್. ಎಲ್ಲಕ್ಕಿಂತ ಕೆಟ್ಟದ್ದು, ಉದ್ದ ಅಕ್ಷ ತಾನೇ ಹಿಗ್ಗಿ ಕುಗ್ಗುತ್ತದೆ. ವಿದ್ಯಾರ್ಥಿ ಅಲ್ಲಾಡದೆ ನಿಂತಾಗ ಅರ್ಧ ಸೆಂಟಿಮೀಟರ್ ಕಂಪನವೇ ಪರದೆ ತುಂಬ ಪರ್ವತಶ್ರೇಣಿಯಾಗುತ್ತದೆ. ‘ನಿಂತರೆ ಗೆರೆ ಚಪ್ಪಟೆ’ ಎಂದು ತೋರಿಸಲು ಹೊರಟ ಯಂತ್ರ ಹೀಗೆ ಮಾಡಿದರೆ ಪಾಠ ಅಲ್ಲಿಗೇ ಕೆಡುತ್ತದೆ. ಪ್ಲಾಟರನ್ನೇ ನೆಚ್ಚಬೇಕಾದವರು ದೂರವನ್ನು ಬೋರ್ಡಿನಲ್ಲೇ ಸೆಂ.ಮೀ.ಗೆ ಲೆಕ್ಕ ಹಾಕಿ, ಪ್ರತಿ ಸಾಲಿನಲ್ಲಿ ದೂರದ ಜೊತೆಗೆ 0 ಮತ್ತು 400 ಎಂಬ ಎರಡು ಸ್ಥಿರ ಸಂಖ್ಯೆಗಳನ್ನೂ ಮುದ್ರಿಸಲಿ. ಅಕ್ಷ ಅಲ್ಲೇ ಕಟ್ಟಿಹಾಕಿದಂತಾಗುತ್ತದೆ.

ಪಾಠಕ್ಕೆ ಪೈಥಾನ್ ಭಾಷೆ, ಅದರಲ್ಲಿ ಬೋರ್ಡಿನ ಮಾಹಿತಿ ಓದುವ ಪೈಸೀರಿಯಲ್ ಮತ್ತು ನಕ್ಷೆ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಸಾಕು. ಉದ್ದ ಅಕ್ಷ 0ರಿಂದ 4 ಮೀಟರ್, ಅಡ್ಡ ಅಕ್ಷ 0ರಿಂದ 10 ಸೆಕೆಂಡ್, ಎರಡೂ ಕದಲಬಾರದು. ಹತ್ತು ಸೆಕೆಂಡ್ ಆದಾಗ ಗೆರೆ ನಿಲ್ಲಬೇಕು, ಸ್ಪೇಸ್ ಒತ್ತಿದರೆ ಹೊಸ ಹಾಳೆ. ಇಸಿಜಿಯಂತೆ ಎಡಕ್ಕೆ ಸರಿಯುತ್ತಲೇ ಇರುವ ನಕ್ಷೆ ನೋಡಲು ಚೆಂದ, ಕಲಿಯಲು ಕಷ್ಟ. ನಿಂತವನ ಗೆರೆಯೂ ಪರದೆಯ ಮೇಲೆ ಓಡುತ್ತಿರುತ್ತದಲ್ಲ! ಗೆರೆಯ ದಪ್ಪ 4, ಅಕ್ಷರ 18 ಪಾಯಿಂಟ್‌ಗಿಂತ ಕಡಿಮೆ ಬೇಡ, ಬಿಳಿ ಹಿನ್ನೆಲೆ. ಕಿಟಕಿ ಪರದೆಯಿಲ್ಲದ ಕೋಣೆಯ ಪ್ರೊಜೆಕ್ಟರ್‌ನಲ್ಲಿ ಹಳದಿ ಮತ್ತು ತಿಳಿನೀಲಿ ಕಾಣುವುದೇ ಇಲ್ಲ.

ತಡವಾಗುವ ಕಾಯಿಲೆ ಹುಟ್ಟುವುದು ಇಲ್ಲೇ. ಹಳೆಯ ಲ್ಯಾಪ್‌ಟಾಪ್ ಒಂದು ಚಿತ್ರ ಬಿಡಿಸಲು 100 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ ಎನ್ನೋಣ. ರೀಡಿಂಗ್ ಬರುವುದು 60ಕ್ಕೊಮ್ಮೆ. ‘ಒಂದು ಸಾಲು ಓದು, ಒಮ್ಮೆ ಬಿಡಿಸು’ ಎಂದು ಬರೆದರೆ ಅರ್ಧ ನಿಮಿಷದಲ್ಲಿ 500 ರೀಡಿಂಗ್ ಬಂದು 300 ಮಾತ್ರ ಮೂಡಿರುತ್ತವೆ. ಉಳಿದ 200 ಬಫರ್ ಎಂಬ ತಾತ್ಕಾಲಿಕ ನೆನಪಿನಲ್ಲಿ ಸಾಲುಗಟ್ಟಿ, ಪರದೆ 12 ಸೆಕೆಂಡ್ ಹಿಂದೆ ಬಿದ್ದಿರುತ್ತದೆ. ಹುಡುಗ ನಿಂತಿದ್ದಾನೆ, ಗೆರೆ ಇನ್ನೂ ನಡೆಯುತ್ತಿದೆ. ಪರಿಹಾರ ಸುಲಭ: ಪ್ರತಿ ಸಲ ಬಿಡಿಸುವ ಮೊದಲು ಬಫರ್‌ನಲ್ಲಿರುವ ಸಾಲುಗಳನ್ನೆಲ್ಲ ಬರಿದು ಮಾಡಿ ಓದಿ, ಆಮೇಲೆ ಒಂದೇ ಸಲ ಬಿಡಿಸಿ. ಅಕ್ಷ, ಜಾಲಗಳನ್ನು ಪ್ರತಿ ಸಲ ಅಳಿಸಿ ಬರೆಯದೆ ಗೆರೆಯ ದತ್ತಾಂಶವನ್ನಷ್ಟೇ ಬದಲಿಸಿದರೆ ಹಳೆಯ ಯಂತ್ರವೂ ಹಗುರಾಗುತ್ತದೆ. ಸ್ಪೇಸ್ ಒತ್ತಿದಾಗ ಬಫರನ್ನೂ ಖಾಲಿ ಮಾಡಿ.

ಕನ್ನಡದ ಅಕ್ಷರಗಳಿಗೆ ಬೇರೆಯೇ ಗೋಳು. ಕನ್ನಡ ಫಾಂಟ್ ಹೆಸರು ಕೊಟ್ಟರೂ ಶಾಲೆಗಳ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿರುವ ಮ್ಯಾಟ್‌ಪ್ಲಾಟ್‌ಲಿಬ್ ಆವೃತ್ತಿಗಳು ಗುಣಿತ, ಒತ್ತಕ್ಷರಗಳನ್ನು ಕೂಡಿಸುವುದಿಲ್ಲ. ‘ಸೆಕೆಂಡ್’ ಎಂಬುದು ಚೂರುಚೂರಾಗಿ ಬೀಳುತ್ತದೆ. ಹಾಗೆಂದು ಇಂಗ್ಲಿಷ್‌ಗೆ ಹೋಗಬೇಕಿಲ್ಲ. ಶೀರ್ಷಿಕೆ ಮತ್ತು ಅಕ್ಷಗಳ ಹೆಸರನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದಲ್ಲಿ ಬರೆದು ಪಿಎನ್‌ಜಿ ಚಿತ್ರವಾಗಿ ಉಳಿಸಿ, ನಕ್ಷೆಯ ಅಂಚಿನಲ್ಲಿ ಒಮ್ಮೆ ಅಂಟಿಸಿ. ಅಂಕಿಗಳಿಗೆ ತೊಂದರೆಯಿಲ್ಲ.

ಆ ಹೆಸರು ಏನಿರಬೇಕು? ಬರೀ ‘ದೂರ’ ಎಂದು ಬರೆದರೆ ತಪ್ಪಾಗುತ್ತದೆ. ಪಾಠದ ಪ್ರಕಾರ ಕ್ರಮಿಸಿದ ದೂರ ಎಂದೂ ಕಡಿಮೆಯಾಗದು, ಇಲ್ಲಿಯ ಗೆರೆಯೋ ಮರಳಿ ಬರುವಾಗ ಇಳಿಯುತ್ತದೆ. ‘ಯಂತ್ರದಿಂದಿರುವ ದೂರ’ ಎಂದು ಪೂರ್ತಿ ಬರೆಯಿರಿ. ಜವ ಮತ್ತು ವೇಗಗಳ ವ್ಯತ್ಯಾಸವನ್ನು ಮುಂದೆ ಹೇಳುವಾಗ ಈ ಒಂದು ಪದ ಬಹಳ ಕೆಲಸಕ್ಕೆ ಬರುತ್ತದೆ: ಹಿಂದಿರುಗುವಾಗ ವೇಗ ಋಣ, ಜವ ಧನ.

ಗೆರೆ ಕುಣಿದಾಗ

ಅಲ್ಲೊಂದು ಇಲ್ಲೊಂದು ತಪ್ಪು ರೀಡಿಂಗ್ ಬಂದೇ ಬರುತ್ತದೆ. ಸರಾಸರಿ ತೆಗೆದರೆ ತಪ್ಪು ಎಲ್ಲ ಕಡೆ ಹರಡುತ್ತದೆ. 200, 201, 40, 203, 204 ಎಂಬ ಐದರ ಸರಾಸರಿ 169.6. ಏರಿಕೆ ಕ್ರಮದಲ್ಲಿಟ್ಟಾಗ ಸಿಗುವ ನಡುವಿನ ಬೆಲೆ, ಅಂದರೆ ಮಧ್ಯಾಂಕ, 201. ಪ್ರತಿ ಹೊಸ ರೀಡಿಂಗ್ ಬಂದಾಗ ಕೊನೆಯ ಐದರ ಮಧ್ಯಾಂಕ ಹಾಕಿ. ಇದರಿಂದ ಗೆರೆ ಎರಡು ರೀಡಿಂಗ್, ಅಂದರೆ 120 ಮಿಲಿಸೆಕೆಂಡ್ ಹಿಂದುಳಿಯುತ್ತದೆ, ಕಣ್ಣಿಗೆ ಅದು ಗೊತ್ತಾಗದು. ಹನ್ನೊಂದರ ಮಧ್ಯಾಂಕ ಹಾಕಿದರೆ ಗೆರೆ ರೇಷ್ಮೆಯಂತಾಗುತ್ತದೆ, ಆದರೆ 300 ಮಿಲಿಸೆಕೆಂಡ್ ತಡವಾಗಿ, ತಿರುವುಗಳ ಮೂಲೆಯೂ ಸವೆಯುತ್ತದೆ. ಆಸೆ ಪಡಬೇಡಿ.

ಮಧ್ಯಾಂಕಕ್ಕೂ ಬಗ್ಗದಿದ್ದರೆ ಕಾರಣ ಪ್ರೋಗ್ರಾಮಿನಲ್ಲಿಲ್ಲ, ಕೋಣೆಯಲ್ಲಿದೆ. ಸೆನ್ಸರಿನ ಧ್ವನಿ ಟಾರ್ಚಿನ ಬೆಳಕಿನಂತೆ ಹರಡುತ್ತದೆ. ನಡುಗೆರೆಯಿಂದ ಆಚೀಚೆ 15 ಡಿಗ್ರಿ ಎಂದು ಹಿಡಿದರೆ 3 ಮೀಟರ್ ದೂರದಲ್ಲಿ ಅದರ ತ್ರಿಜ್ಯ 80 ಸೆಂ.ಮೀ. ಹಾಗಾಗಿ ನಡೆಯುವ ದಾರಿಯ ಎರಡೂ ಬದಿ ಕನಿಷ್ಠ 80 ಸೆಂ.ಮೀ. ಬೆಂಚು, ಬ್ಯಾಗು, ಇಣುಕುವ ಸಹಪಾಠಿ ಯಾರೂ ಇರಬಾರದು. ಯಂತ್ರದ ಎತ್ತರ 1 ಮೀಟರ್ ಇರಲಿ, ಕೆಳಗಾದರೆ ನೆಲದ ಜೋಡುಗೆರೆಗಳೇ ಉತ್ತರ ಕೊಡುತ್ತವೆ. ಬಾಕ್ಸನ್ನು ಮೇಜಿನ ಮಧ್ಯದಲ್ಲಿ ಇಟ್ಟಿದ್ದರೆ ಅಂಚಿಗೆ ತನ್ನಿ, ಮುಂದಿರುವ ಮೇಜಿನ ಹಲಗೆಯೂ ಧ್ವನಿಯನ್ನು ಕೆಡಿಸುತ್ತದೆ. 3.5 ಮೀಟರ್ ದಾಟಿ ನಡೆಸಬೇಡಿ.

ಎರಡು ಮೀಟರ್ ಆಚೆ ಗೆರೆ ತುಂಡಾಗುತ್ತಿದ್ದರೆ ರಟ್ಟು ನೋಡಿ. ರಟ್ಟಿಲ್ಲದೆ ನಡೆದರೆ ಹತ್ತಿ ಸಮವಸ್ತ್ರ, ದುಪಟ್ಟಾ, ಸ್ವೆಟರ್ ಧ್ವನಿಯನ್ನು ಹೀರುತ್ತವೆ ಅಥವಾ ಮಡಿಕೆಗಳಲ್ಲಿ ಚದುರಿಸುತ್ತವೆ. ರಟ್ಟಿದ್ದೂ ತುಂಡಾದರೆ ಅದು ಓರೆಯಾಗಿದೆ. ಈ ಧ್ವನಿಯ ತರಂಗದೂರ ಸುಮಾರು 8.7 ಮಿ.ಮೀ.; ಅದಕ್ಕೆ ನಯವಾದ ರಟ್ಟು ಕನ್ನಡಿಯಿದ್ದಂತೆ, ಓರೆ ಹಿಡಿದರೆ ಪ್ರತಿಧ್ವನಿ ಬೇರೆಡೆಗೆ ಹೋಗುತ್ತದೆ. ಎದೆಗೆ ಒತ್ತಿ ಹಿಡಿಯಲು ಹೇಳಿ. ಕೈ ಚಾಚಿ ಹಿಡಿದರೆ ಹೆಜ್ಜೆಹೆಜ್ಜೆಗೂ ತೂಗಾಡುತ್ತದೆ. ಎದೆಗೆ ಒತ್ತಿದರೂ ಗೆರೆಯಲ್ಲಿ ಸಣ್ಣ ಅಲೆ ಉಳಿಯುತ್ತದೆ. ಅದು ದೋಷವಲ್ಲ, ನಡಿಗೆಯೇ ಹಾಗೆ. ಪುಸ್ತಕದ ನೇರ ಗೆರೆ ಬರೀ ಕಲ್ಪಿತ ಆದರ್ಶ ಎಂದು ತೋರಿಸಲು ಒಳ್ಳೆಯ ಅವಕಾಶ.

ನಿಂತಾಗಲೂ ಗೆರೆ 4 ಮಿ.ಮೀ. ಮೇಲೆ ಕೆಳಗೆ ಜಿಗಿಯುವುದಕ್ಕೆ ಬೇರೆ ಕಾರಣವಿದೆ. ಮರಳಿದ ಧ್ವನಿ ದುರ್ಬಲವಾದಾಗ ಸೆನ್ಸರ್ ಮೊದಲ ಅಲೆಯನ್ನು ಬಿಟ್ಟು ಎರಡನೆಯದನ್ನು ಗುರುತಿಸುತ್ತದೆ. ಒಂದು ಅಲೆ 8.7 ಮಿ.ಮೀ., ಹೋಗಿ ಬರುವ ದಾರಿಯಾದ್ದರಿಂದ ಅರ್ಧ. ದೂರದ ನಕ್ಷೆಯಲ್ಲಿ ಇದು ಲೆಕ್ಕಕ್ಕಿಲ್ಲ. ಆದರೆ ಪಕ್ಕಪಕ್ಕದ ಎರಡು ರೀಡಿಂಗ್‌ಗಳಿಂದ ವೇಗ ತೆಗೆಯಲು ಹೋದರೆ, 0.43 ಸೆಂ.ಮೀ.ಯನ್ನು 0.06 ಸೆಕೆಂಡಿನಿಂದ ಭಾಗಿಸಿ ನಿಂತವನಿಗೂ ಸೆಕೆಂಡಿಗೆ 7 ಸೆಂ.ಮೀ. ವೇಗ ಅಂಟುತ್ತದೆ. ನಾಲ್ಕು ರೀಡಿಂಗ್ ಹಿಂದಿನದಕ್ಕೂ ನಾಲ್ಕು ಮುಂದಿನದಕ್ಕೂ ಇರುವ ವ್ಯತ್ಯಾಸವನ್ನು 0.48 ಸೆಕೆಂಡಿನಿಂದ ಭಾಗಿಸಿ, ಈ ಸುಳ್ಳು 1 ಸೆಂ.ಮೀ.ಗಿಂತ ಕೆಳಗಿಳಿಯುತ್ತದೆ. ವೇಗದ ನಕ್ಷೆ ಆಗ ಮೂರನೇ ಒಂದು ಸೆಕೆಂಡಿನಷ್ಟು ತಡ. ಒಪ್ಪಬಹುದು, ಏಕೆಂದರೆ ಅದನ್ನು ಮೊದಲ ದಿನವೇ ತೋರಿಸಬಾರದು.

ಒಂದೇ ಕೋಣೆಯಲ್ಲಿ ಇಂಥ ಎರಡು ಯಂತ್ರ ಬೇಡ. ಒಂದರ ಧ್ವನಿಯನ್ನು ಇನ್ನೊಂದು ತನ್ನದೆಂದುಕೊಳ್ಳುತ್ತದೆ.

ಕಂಪ್ಯೂಟರ್ ಬೋರ್ಡನ್ನೇ ಕಾಣದಿದ್ದರೆ

ಕ್ಲೋನ್ ಬೋರ್ಡ್‌ಗಳಲ್ಲಿ ಯುಎಸ್‌ಬಿ ಸಂಪರ್ಕಕ್ಕೆ ಸಿಎಚ್340 ಎಂಬ ಚಿಪ್ ಇರುತ್ತದೆ. ವಿಂಡೋಸ್‌ನಲ್ಲಿ ಅದರ ಡ್ರೈವರ್ ಹಾಕಬೇಕಾಗಬಹುದು. ಅನೇಕ ಶಾಲಾ ಲ್ಯಾಬ್‌ಗಳಲ್ಲಿರುವ ಉಬುಂಟುವಿನಲ್ಲಿ ಡ್ರೈವರ್ ಮೊದಲೇ ಇದೆ, ಅನುಮತಿ ಇರುವುದಿಲ್ಲ. ಬಳಕೆದಾರನನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ; ಬರೀ ಟರ್ಮಿನಲ್ ಮುಚ್ಚಿ ತೆರೆದರೆ ಆಗದು. ಉಬುಂಟು 22.04ರಲ್ಲಿ ಪೋರ್ಟ್ ಒಂದು ಕ್ಷಣ ಕಾಣಿಸಿ ಮಾಯವಾದರೆ ಬಿಆರ್‌ಎಲ್‌ಟಿಟಿವೈ ಎಂಬ ಬ್ರೈಲ್ ಸೇವೆ ಆ ಚಿಪ್ಪನ್ನು ತನ್ನ ಸಾಧನವೆಂದು ಕಸಿದುಕೊಂಡಿದೆ ಎಂದರ್ಥ. ಆ ಕಂಪ್ಯೂಟರ್‌ನಲ್ಲಿ ಬ್ರೈಲ್ ಬಳಸುವವರು ಇಲ್ಲವೆಂದು ಖಚಿತ ಮಾಡಿಕೊಂಡು ಅದನ್ನು ತೆಗೆಯಿರಿ. ಪೈಥಾನ್ ಪೋರ್ಟ್ ತೆರೆದಾಗ ಊನೊ ರೀಸೆಟ್ ಆಗುತ್ತದೆ, ಆದ್ದರಿಂದ 2 ಸೆಕೆಂಡ್ ಕಾದು, ಮೊದಲ ಸಾಲನ್ನು ಬಿಸಾಡಿ.

ಸೆನ್ಸರ್ ಸತತವಾಗಿ -1 ಕೊಡುತ್ತಿದ್ದರೆ ಮೊದಲು ಮಲ್ಟಿಮೀಟರ್‌ನಿಂದ ಸೆನ್ಸರಿನ ಕಾಲುಗಳಲ್ಲೇ ವೋಲ್ಟೇಜ್ ನೋಡಿ. 4.5ಕ್ಕಿಂತ ಕಡಿಮೆ ಇದ್ದರೆ ಕೇಬಲ್ ಬದಲಿಸಿ. 5 ಇದ್ದೂ ಮೌನವಾಗಿದ್ದರೆ ಕರೆಂಟ್ ತೆಗೆದು ಮತ್ತೆ ಕೊಡಿ. ಕೆಲವು ಅಗ್ಗದ ಮಾಡ್ಯೂಲ್‌ಗಳು ಒಂದು ಪ್ರತಿಧ್ವನಿ ತಪ್ಪಿದರೆ ಎಕೋ ಕಾಲನ್ನು ಎತ್ತಿದವು ಇಳಿಸುವುದೇ ಇಲ್ಲ. ಇದು ಪದೇಪದೇ ಆದರೆ ಎರಡನೇ ಸೆನ್ಸರ್ ತೆಗೆಯಿರಿ, ರಿಪೇರಿಗೆ ಕೂರಬೇಡಿ. ಸೀಮೆಸುಣ್ಣದ ಪುಡಿ ಜಾಲರಿಯಲ್ಲಿ ತುಂಬಿದ್ದರೆ ಒಣ ಬ್ರಷ್ ಸಾಕು.

ನೆಲ ಮತ್ತು ನಡಿಗೆ

ಕಣ್ಣುಗಳ ಮುಂಭಾಗದ ನೇರ ಕೆಳಗೆ ಸೊನ್ನೆ ಗುರುತಿಸಿ, ಅಲ್ಲಿಂದ ಪ್ರತಿ 50 ಸೆಂ.ಮೀ.ಗೆ ಟೇಪ್ ಅಂಟಿಸಿ. ತರಗತಿಗೆ ಮೊದಲು ರಟ್ಟನ್ನು 1, 2, 3 ಮೀಟರ್‌ನಲ್ಲಿ ನಿಲ್ಲಿಸಿ ನೋಡಿ. ಎಲ್ಲ ಕಡೆ ಒಂದೇ ಅಂತರ ತಪ್ಪಿದ್ದರೆ ಸೊನ್ನೆ ಸರಿಯಿಲ್ಲ. ದೂರದೊಂದಿಗೆ ತಪ್ಪು ಬೆಳೆಯುತ್ತಿದ್ದರೆ ಉಷ್ಣತೆ ತಪ್ಪಾಗಿ ತುಂಬಿದೆ. 2 ಸೆಂ.ಮೀ. ಒಳಗಿದ್ದರೆ ಸಾಕು.

ಮೊದಲ ಹತ್ತು ನಿಮಿಷ ಮಕ್ಕಳು ಸುಮ್ಮನೆ ನಡೆಯಲಿ. ಆಮೇಲೆ ಆಟ: ಪ್ರೋಗ್ರಾಂ ಬೂದು ಬಣ್ಣದ ಗುರಿಗೆರೆ ತೋರಿಸುತ್ತದೆ, ನಡೆದು ಅದರ ಮೇಲೆ ಕೆಂಪು ಗೆರೆ ಕೂರಿಸಬೇಕು. ಮೊದಲ ಗುರಿ: 1 ಮೀಟರ್‌ನಲ್ಲಿ 3 ಸೆಕೆಂಡ್ ನಿಲ್ಲು, ಮುಂದಿನ 3 ಸೆಕೆಂಡಿನಲ್ಲಿ 2.5 ಮೀಟರ್‌ಗೆ ಹೋಗು, ಉಳಿದ 4 ಸೆಕೆಂಡ್ ನಿಲ್ಲು. ನಡೆಯುವ ಮುನ್ನ ಏನು ಮಾಡಬೇಕೆಂದು ಎಲ್ಲರೂ ನೋಟ್‌ಬುಕ್‌ನಲ್ಲಿ ಎರಡು ಸಾಲು ಬರೆಯಲಿ. ಈ ಎರಡು ಸಾಲು ಬಿಟ್ಟರೆ ಉಳಿಯುವುದು ವಿಡಿಯೊ ಗೇಮ್ ಮಾತ್ರ. ಎರಡನೇ ಗುರಿ ಅದೇ ‘ಗುಡ್ಡ’. ಹೆಚ್ಚಿನವರು ಮೊದಲು ಚಪ್ಪಟೆ ಭಾಗದಲ್ಲೂ ನಡೆಯುತ್ತಾರೆ, ಕೆಂಪು ಗೆರೆ ಬೂದು ಗೆರೆಯನ್ನು ಬಿಟ್ಟು ಹೋಗುವುದನ್ನು ಕಂಡು ಗಕ್ಕನೆ ನಿಲ್ಲುತ್ತಾರೆ. ಗೆರೆ ತಡವಿಲ್ಲದೆ ಮೂಡಬೇಕು ಎಂದು ಇಷ್ಟು ಪರದಾಡಿದ್ದು ಆ ನಿಲ್ಲುವಿಕೆಗಾಗಿ.

ಕೊನೆಯ ಗುರಿಯಾಗಿ ನೆಟ್ಟಗೆ ನಿಂತ ಗೆರೆಯೊಂದನ್ನು ಕೊಡಿ: 5ನೇ ಸೆಕೆಂಡಿನಲ್ಲಿ 3 ಮೀಟರ್‌ನಿಂದ 1 ಮೀಟರ್‌ಗೆ. ಓಡುತ್ತಾರೆ, ಹಾರುತ್ತಾರೆ, ಗೆರೆ ಓರೆಯಾಗಿಯೇ ಉಳಿಯುತ್ತದೆ. ಕೊನೆಗೆ ಯಾರಾದರೂ ಒಬ್ಬರು ಜಾಣತನ ಮಾಡಿ, ಗೆಳತಿ 3 ಮೀಟರ್‌ನಲ್ಲಿ ನಿಂತಿರುವಾಗ 1 ಮೀಟರ್‌ನಲ್ಲಿ ಪಕ್ಕದಿಂದ ಇನ್ನೊಂದು ರಟ್ಟು ತೂರಿಸುತ್ತಾರೆ. ಗೆರೆ ದಬಕ್ಕನೆ ನೆಟ್ಟಗೆ ಬೀಳುತ್ತದೆ. ಆಗ ನಕ್ಷೆಯನ್ನು ಹಿಗ್ಗಿಸಿ ತೋರಿಸಿ. ನೆಟ್ಟಗೆ ಕಂಡದ್ದು ನಿಜಕ್ಕೂ 0.06 ಸೆಕೆಂಡ್ ಅಂತರದ ಎರಡು ಬಿಂದುಗಳನ್ನು ಕೂಡಿಸಿದ ಗೆರೆ. 2 ಮೀಟರನ್ನು 0.06ರಿಂದ ಭಾಗಿಸಿದರೆ ಸೆಕೆಂಡಿಗೆ 33 ಮೀಟರ್, ಗಂಟೆಗೆ 120 ಕಿಲೊಮೀಟರ್. ಅಷ್ಟು ವೇಗವಾಗಿ ಓಡಿದ್ದು ಯಾರು ಎಂದು ಕೇಳಿ, ಉತ್ತರ ಹುಡುಕಲು ತರಗತಿಗೆ ಬಿಡಿ.